ವಾಯುಮಂಡಲದ ಮೇಲಣ ದೂರದರ್ಶಕ ಯಂತ್ರ: ಹಬಲ್ ಉಪಗ್ರಹದ ವಿಚಾರ

ಕೃತಕ ಉಪಗ್ರಹವೆಂಬ ಮಾತು ಈಗ ಹಳ್ಳಿಗಳಲ್ಲಿಯೂ ಹೊಸದಲ್ಲ. ಮಳೆಯ ಮುನ್ಸೂಚನೆ, ಚಂಡಮಾರುತದ ಎಚ್ಚರಿಕೆ, ಬೆಳೆಯ ವಿಸ್ತೀರ್ಣದ ಅಂದಾಜು ಮೊದಲಾದುವು ಉಪಗ್ರಹಗಳ ಸಹಾಯದಿಂದ ನಡೆಯುತ್ತಿರುವುದನ್ನು ಈ ಪತ್ರಿಕೆಯ ವಾಚಕರು ಬಲ್ಲರು. ಇದರಿಂದಾಗಿ, ಮೇಲಕ್ಕೆ ಹಾರಿಸಿದ ಯಂತ್ರವೆಲ್ಲವೂ ಭೂಮಿಯ ಕಡೆಗೇ ಮುಖಮಾಡಿರುವುದೆಂಬ ಭಾವನೆಯು ಅನೇಕರಲ್ಲಿ ನೆಲೆಗೊಂಡಿರುವುದು. ಸರ್ಕೀಟಿನಲ್ಲಿ ಹೋದಾಗ, "ಸ್ವಾಮಿ, ಅಮೇರಿಕದವರು ಆಕಾಶದಲ್ಲಿಟ್ಟಿರುವ ಆ ದೊಡ್ಡ ದುರ್ಬೀನಿಗೆ ನಮ್ಮ ಕೆರೆಗೆ ನೀರು ಬರುವ ದಿನ ಕಾಣುವುದಿಲ್ಲವೆ?" ಎಂದು ಕೇಳಿದವರೂ ಉಂಟು. ಕಾಣುವುದಿಲ್ಲ, ಏಕೆಂದರೆ ಅದು ನಮ್ಮ ಕಡೆಗೆ ಬೆನ್ನುಮಾಡಿ ನಕ್ಷತ್ರಗಳನ್ನು ನೋಡತಕ್ಕ ಯಂತ್ರವು. ಬೆಳೆಯನ್ನು ನೋಡತಕ್ಕವು ಬೇರೆಯೇ ಇರುವುವು. ೧೯೮೮ನೆಯ ಇಸವಿ ಮಾರ್ಚ್ ೧೭ರಂದು ಹಾರಿಸಲ್ಪಟ್ಟ ನಮ್ಮ ದೇಶದ ಐ.ಆರ್.ಎಸ್.–೧ಎ ಎಂಬುದು ಆ ಜಾತಿಯ ಮೊದಲನೆಯದು. ಆದರೆ ಎರಡು ಬಗೆಯ ಯಂತ್ರಗಳೂ ಒಂದೇ ತತ್ತ್ವವನ್ನು ಆಶ್ರಯಿಸಿರುವುವು. ಆರೋಗ್ಯವಾಗಿರುವ ಪೈರಿನ ಎಲೆಯು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೇರಳವಾಗಿ ಹಿಂದಕ್ಕೆ ಚೆಲ್ಲುವುದು. ರೋಗ ಹತ್ತಿದ ಎಲೆಯು ಅಷ್ಟು ಚೆಲ್ಲಲಾರದು. ಕಣ್ಣು ಹೇಳದಿರುವುದನ್ನು ಕಾಣದ ಬೆಳಕು ಹೇಳುವುದೆಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಲಭವಾಗುವುದು.

ಕಾಮನಬಿಲ್ಲಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಏಳು ಬಣ್ಣಗಳೆಂದು ನಾವು ಎಣಿಸುವೆವು. ಬೆಳಕು ಅಲ್ಲಿಗೇ ಮುಗಿಯುವುದಿಲ್ಲ. ೧೮೦೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಎಂಬ ಜ್ಯೋತಿಶ್ಶಾಸ್ತ್ರಜ್ಞನು ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನ ಆಚೆ, ಏನೂ ಬೆಳಕಿಲ್ಲವೆಂದು ತೋರುವ ಸ್ಥಳದಲ್ಲಿ ಪಾದರಸವು ಇನ್ನೂ ಮೇಲಕ್ಕೇರಿತು. ಅದೇ ಅವಗೆಂಪು ಕಿರಣ. ಮರುವರ್ಷ ಜರ್ಮನಿಯಲ್ಲಿ ರಿಟ್ಟರ್ ಎಂಬವನು, ಬೆಳಕು ತಗುಲಿದರೆ ಕಪ್ಪಾಗುವ ಬೆಳ್ಳಿಯ ಲವಣವನ್ನು ನೇರಳೆ ಬಣ್ಣದ ಈಚೆಗೆ ಇಟ್ಟಾಗ, ಅದು ಬಣ್ಣದೊಳಗಿಟ್ಟುದಕ್ಕಿಂತ ಬೇಗ ಕಪ್ಪಾಯಿತು. ಅದು ನೇರಳಾತೀತ ಕಿರಣ.

ಕಮ್ಮಾರನ ಕುಲುಮೆಯ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಈ ಮೂರು ಬೆಳಕುಗಳ ಸಂಬಂಧವು ತಾನಾಗಿ ತಿಳಿಯುವುದು. ಗುಳವನ್ನು ಬೆಂಕಿಯಿಂದ ತೆಗೆದು ಬಹಳ ಹೊತ್ತಾದ ಮೇಲೆ ಅದು ಕಪ್ಪಾಗಿಯೇ ಕಾಣುವುದು, ಆದರೆ ಹತ್ತಿರ ಕೈಯೊಡ್ಡಿದರೆ ಝಳ ಹೊಡೆಯುವುದು. ಆ ಝಳವೇ ಅವಗೆಂಪು. ತಿದಿಯೊತ್ತಿ ಕಾಯಿಸಿದರೆ ಕೆಂಪಾಗುವುದು, ಇನ್ನೂ ಕಾಯಿಸಿದರೆ ಹಳದಿ, ಬಿಳುಪು. ಕುಲುಮೆಯ ಶಕ್ತಿ ಅಲ್ಲಿಗೆ ನಿಲ್ಲುವುದು. ನಕ್ಷತ್ರಗಳ ಶಕ್ತಿ ಅಲ್ಲಿಗೆ ನಿಲ್ಲುವುದಿಲ್ಲ. ಅತ್ಯಂತ ಕಾವುಳ್ಳ ನಕ್ಷತ್ರವು ನೀಲಿಯಾಗಿ ಹೊಳೆದು, ತನ್ನ ಬೆಳಕಿನ ಬಹುಭಾಗವನ್ನು ನೇರಳಾತೀತವಾಗಿಯೇ ಹೊರಸೂಸುವುದು. ಹೀಗೆ ತಣ್ಣಗಿನ ವಸ್ತುಗಳ ಸಮಾಚಾರವನ್ನು ಅವಗೆಂಪಿನಲ್ಲಿಯೂ, ಸೂರ್ಯನಂಥ ನಕ್ಷತ್ರಗಳ ಸಮಾಚಾರವನ್ನು ಕಾಣುವ ಬೆಳಕಿನಲ್ಲಿಯೂ, ಉಗ್ರವಾಗಿ ಕಾದ ವಸ್ತುಗಳ ಸಮಾಚಾರವನ್ನು ನೇರಳಾತೀತದಲ್ಲಿಯೂ ಹುಡುಕಬೇಕಾಗುವುದು.

ಇಷ್ಟಕ್ಕಾಗಿ ಆಕಾಶಕ್ಕೇಕೆ ಏರಬೇಕು, ಬೆಟ್ಟದ ಮೇಲಿನಿಂದಲೇ ನೋಡಬಾರದೆ ಎಂದರೆ, ನಮ್ಮ ತಲೆಯ ಮೇಲಿರುವ ಗಾಳಿಯೇ ಅಡ್ಡಿ. ಬೇಸಗೆಯ ಮಧ್ಯಾಹ್ನ ಕೂಳೆಹೊಲದ ಆಚೆಯಿರುವ ಬಾಂದುಕಲ್ಲು ನಡುಗುತ್ತಿರುವಂತೆ ಕಾಣುವುದನ್ನು ಯಾರು ನೋಡಿಲ್ಲ? ಕಲ್ಲು ನಡುಗುವುದಿಲ್ಲ, ನಡುವಣ ಗಾಳಿಯು ಕಾದು ಕದಡಿರುವುದು. ನಕ್ಷತ್ರಗಳು ಮಿನುಗುವುದೂ ಇದೇ ಕಾರಣದಿಂದ. ಆ ಮಿನುಗು ಕವಿಗಳಿಗೆ ಇಷ್ಟವಾದರೂ ಅಳತೆ ಮಾಡುವವನಿಗೆ ಶತ್ರುವು. ಇದಲ್ಲದೆ, ಸುಮಾರು ೧೫ ರಿಂದ ೩೫ ಕಿಲೋಮೀಟರ್ ಎತ್ತರದಲ್ಲಿ ಹೆಚ್ಚಾಗಿರುವ ಓಜೋನ್ ಎಂಬ ವಾಯುವು ನೇರಳಾತೀತ ಕಿರಣಗಳ ಬಹುಭಾಗವನ್ನು ತಡೆದುಬಿಡುವುದು. ಅದು ತಡೆಯದಿದ್ದರೆ ನಮ್ಮ ಚರ್ಮಕ್ಕೂ ಪೈರಿನ ಎಲೆಗೂ ಕೇಡು. (ಉಗ್ರಾಣದ ಹುಳುಗಳನ್ನು ಕೊಲ್ಲಲು ಉಪಯೋಗಿಸುತ್ತಿದ್ದ ಮಿಥೈಲ್ ಬ್ರೋಮೈಡ್ ಧೂಮವನ್ನು ೧೯೮೭ರ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ದೇಶಗಳು ಕ್ರಮೇಣ ಕಡಿಮೆ ಮಾಡಿದುದು ಈ ಓಜೋನನ್ನು ಉಳಿಸುವುದಕ್ಕಾಗಿಯೇ.) ಅವಗೆಂಪನ್ನು ತಡೆಯುವುದು ಮುಖ್ಯವಾಗಿ ನೀರಿನ ಆವಿ. ಮಾಗಿಯಲ್ಲಿ ಆಕಾಶವು ನಿರ್ಮಲವಾಗಿರುವ ರಾತ್ರಿ ನೆಲವು ಬೇಗನೆ ತಣ್ಣಗಾಗಿ ಇಬ್ಬನಿ ಸುರಿಯುವುದನ್ನೂ, ಮೋಡ ಮುಚ್ಚಿದ ರಾತ್ರಿ ಬೆಚ್ಚಗಿರುವುದನ್ನೂ ರೈತರೆಲ್ಲರೂ ಬಲ್ಲರು. ನೆಲದಿಂದ ಹೊರಟ ಶಾಖವನ್ನು ಮೋಡವೂ ಆವಿಯೂ ಕಂಬಳಿಯಂತೆ ಹಿಡಿದಿಡುವುವು. ಒಳಗಿನ ಶಾಖವನ್ನು ಹೊರಗೆ ಬಿಡದ ಕಂಬಳಿಯು ಹೊರಗಿನದನ್ನು ಒಳಗೂ ಬಿಡದು. ಅಂತೂ ನಮ್ಮನ್ನು ಕಾಪಾಡುವ ಗಾಳಿಯೇ ನಮ್ಮ ನೋಟಕ್ಕೆ ತೆರೆಯಾಗಿರುವುದು.

ಈ ತೆರೆಯ ಮೇಲಕ್ಕೆ ದೂರದರ್ಶಕವನ್ನು ಏರಿಸಬೇಕೆಂದು ೧೯೪೬ರಲ್ಲಿಯೇ, ಅಂದರೆ ಒಂದು ಕೃತಕ ಉಪಗ್ರಹವೂ ಇಲ್ಲದಿದ್ದ ಕಾಲದಲ್ಲಿ, ಅಮೇರಿಕದ ಲೈಮನ್ ಸ್ಪಿಟ್ಜರ್ ಎಂಬ ಪಂಡಿತನು ಬರೆದಿಟ್ಟನು. ಆ ದೇಶದ ಶಾಸನಸಭೆಯು ಹಣ ಒದಗಿಸಿದುದು ೧೯೭೭ರಲ್ಲಿ. ಯೂರೋಪಿನ ರಾಷ್ಟ್ರಗಳ ಅಂತರಿಕ್ಷ ಸಂಸ್ಥೆಯೂ ಪಾಲುದಾರನಾಯಿತು. ನಮ್ಮ ಕ್ಷೀರಪಥದ ಆಚೆಗೂ ಬೇರೆ ನಕ್ಷತ್ರಸಮೂಹಗಳು ಇರುವುವೆಂದು ೧೯೨೦ರ ದಶಕದಲ್ಲಿ ಸ್ಥಿರಪಡಿಸಿದ ಎಡ್ವಿನ್ ಹಬಲ್ ಎಂಬಾತನ ಹೆಸರನ್ನು ಯಂತ್ರಕ್ಕೆ ಇಟ್ಟರು. ೧೯೮೬ರಲ್ಲಿ ಚಾಲೆಂಜರ್ ಎಂಬ ಅಂತರಿಕ್ಷ ನೌಕೆಯು ಏಳು ಮಂದಿಯೊಡನೆ ನಾಶವಾದುದರಿಂದ ಕೆಲಸವು ತಡೆಯಿತು. ಕಡೆಗೆ ೧೯೯೦ನೆಯ ಇಸವಿ ಏಪ್ರಿಲ್ ೨೪ರಂದು ಡಿಸ್ಕವರಿ ಎಂಬ ನೌಕೆಯು ಅದನ್ನು ಹೊತ್ತು ಮೇಲೇರಿತು.

ಯಂತ್ರವು ಒಂದು ದೊಡ್ಡ ಕೊಳವೆಯಂತಿರುವುದು, ಉದ್ದ ೧೩.೨ ಮೀಟರು, ತೂಕ ಸುಮಾರು ೧೧ ಟನ್ನು. ಅದರೊಳಗೆ ೨.೪ ಮೀಟರ್, ಎಂದರೆ ಹೆಚ್ಚುಕಡಿಮೆ ಎಂಟು ಅಡಿ ಅಗಲದ ಕುಳಿಗನ್ನಡಿ. ಮಳೆಯಲ್ಲಿ ಚೊಂಬಿಗಿಂತ ಹಂಡೆಯಲ್ಲಿ ಹೆಚ್ಚು ನೀರು ಕೂಡುವಂತೆ, ಅಗಲವಾದ ಕನ್ನಡಿಯಲ್ಲಿ ಹೆಚ್ಚು ಬೆಳಕು ಕೂಡುವುದು. ಕೂಡಿದ ಬೆಳಕು ಒಂದು ಚಿಕ್ಕ ಕನ್ನಡಿಗೆ ತಗುಲಿ, ಹಿಂದಿರುಗಿ, ದೊಡ್ಡ ಕನ್ನಡಿಯ ನಡುವಿನ ರಂಧ್ರದ ಮೂಲಕ ಹಿಂದಿರುವ ಉಪಕರಣಗಳನ್ನು ಸೇರುವುದು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ನ್ಯಾನೊಮೀಟರೆಂದು ಹೆಸರು. ನಮ್ಮ ಕಣ್ಣು ಸುಮಾರು ೪೦೦ರಿಂದ ೭೦೦ ನ್ಯಾನೊಮೀಟರಿನ ಬೆಳಕನ್ನು ಕಾಣುವುದು. ಈ ಯಂತ್ರವು ೧೧೫ರಿಂದ ೧೭೦೦ರವರೆಗೂ ಕಾಣಬಲ್ಲದು. ಸುಮಾರು ೯೫ ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವುದು. ಬೇಕಾದ ವಿದ್ಯುಚ್ಛಕ್ತಿ ಸೂರ್ಯನ ಬಿಸಿಲಿನಿಂದಲೇ.

ಇಷ್ಟೆಲ್ಲ ಸಿದ್ಧತೆಯಿಂದ, ಆಗಿನ ಲೆಕ್ಕದಲ್ಲಿ ಸುಮಾರು ೧೫೦ ಕೋಟಿ ಡಾಲರುಗಳ ವೆಚ್ಚದಿಂದ ಏರಿಸಿದ ಯಂತ್ರವು ಮೊದಲ ಚಿತ್ರಗಳನ್ನು ಕಳುಹಿಸಿದಾಗ, ನಕ್ಷತ್ರಗಳ ಸುತ್ತ ಮಬ್ಬು ಕವಿದಿತ್ತು. ಒಂದು ಬಿಂದುವಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬೆಳಕು ಕೂಡಬೇಕಾಗಿದ್ದಲ್ಲಿ ೧೦ ರಿಂದ ೧೫ ಪಾಲು ಮಾತ್ರ ಕೂಡುತ್ತಿತ್ತು. ಜೂನ್ ತಿಂಗಳ ಕಡೆಯಲ್ಲಿ ಕನ್ನಡಿಯೇ ದೋಷಯುಕ್ತವೆಂದು ಪ್ರಕಟಪಡಿಸಬೇಕಾಯಿತು. ಪತ್ರಿಕೆಗಳು ಪರಿಹಾಸ ಮಾಡಿದುವು. ವಿಚಾರಣೆಗಾಗಿ ಲ್ಯೂ ಅಲೆನ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಮಂಡಲಿಯು ನೇಮಿಸಲ್ಪಟ್ಟಿತು. ಅಳತೆ ತೂಕಗಳೊಡನೆ ನಿತ್ಯವೂ ವ್ಯವಹರಿಸತಕ್ಕ ನಮ್ಮ ವಾಚಕರಿಗೆ ಆ ಮಂಡಲಿಯು ಕಂಡುಹಿಡಿದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸಬೇಕು.

ಕನ್ನಡಿಯನ್ನು ಕನೆಕ್ಟಿಕಟ್ ಎಂಬ ಪ್ರಾಂತದ ಒಂದು ಕಾರ್ಖಾನೆಯಲ್ಲಿ ಅರೆದು ನಯಮಾಡುವ ಕೆಲಸವು ೧೯೮೧ರಲ್ಲಿ ಮುಗಿದಿತ್ತು. ಕನ್ನಡಿಯ ಬಾಗು ಸರಿಯಾಗಿರುವುದೇ ಎಂದು ಆಗಾಗ ನೋಡುವುದಕ್ಕೆ ಒಂದು ಪರೀಕ್ಷಾಯಂತ್ರವನ್ನು ಮಾಡಿಕೊಂಡಿದ್ದರು. ಅದರೊಳಗೆ ಒಂದು ಮಸೂರವನ್ನು ಇಂತಿಷ್ಟೇ ದೂರದಲ್ಲಿ ನಿಲ್ಲಿಸಬೇಕು. ಆ ದೂರವನ್ನು ಅಳೆಯಲು ಒಂದು ಲೋಹದ ಕೋಲು. ಕೋಲಿನ ತುದಿಗೆ ಬೆಳಕು ತಗುಲಿ ಹಿಂದಿರುಗಬೇಕು. ಬೇರೆಡೆಯಿಂದ ಬೆಳಕು ಪ್ರತಿಫಲಿಸಬಾರದೆಂದು ಕೋಲಿಗೆ ನಡುವೆ ಸಣ್ಣ ರಂಧ್ರವುಳ್ಳ ಒಂದು ಟೊಪ್ಪಿಗೆಯನ್ನು ಹಾಕಿ, ಅದಕ್ಕೆ ಕಪ್ಪು ಬಣ್ಣವನ್ನು ಬಳಿದಿದ್ದರು. ಒಂದು ಚುಕ್ಕೆಯಷ್ಟು ಜಾಗದಲ್ಲಿ ಆ ಬಣ್ಣವು ಕಿತ್ತುಹೋಗಿತ್ತು. ಬೆಳಕು ಕೋಲಿನ ತುದಿಗೆ ಬದಲಾಗಿ ಟೊಪ್ಪಿಗೆಯ ಮೇಲಿನಿಂದಲೇ ಹಿಂದಿರುಗಿತು, ಮಸೂರವು ೧.೩ ಮಿಲಿಮೀಟರು ತಪ್ಪಾಗಿ ನಿಂತಿತು. ಮಸೂರವನ್ನು ಅಷ್ಟು ಸರಿಸುವುದಕ್ಕೆ ಯಂತ್ರದಲ್ಲಿ ಎಡೆಯಿಲ್ಲವೆಂದು ಕಂಡಾಗ ಕೆಲಸದವರು ಅನುಮಾನಪಡಬೇಕಾಗಿದ್ದಿತು. ಅದಕ್ಕೆ ಬದಲಾಗಿ ಸಾಮಾನ್ಯ ವಾಷರ್ ಬಿಲ್ಲೆಗಳನ್ನು ತೂರಿಸಿ ಕೂರಿಸಿದರು!

ಆಮೇಲೆ ಆ ತಪ್ಪು ಯಂತ್ರವು ಹೇಳಿದಂತೆಯೇ ಕನ್ನಡಿಯನ್ನು ಅತ್ಯಂತ ನಿಷ್ಠೆಯಿಂದ ಅರೆದರು. ನಯದಲ್ಲಿ ಆ ಕನ್ನಡಿಗೆ ಸಮಾನವಾದುದು ಆಗ ಇರಲಿಲ್ಲವೆಂದೇ ಹೇಳುವರು. ಆಕಾರದಲ್ಲಿ ಮಾತ್ರ ಅಂಚು ಇರಬೇಕಾದುದಕ್ಕಿಂತ ೨.೨ ಮೈಕ್ರಾನು ಚಪ್ಪಟೆಯಾಯಿತು. ಇದು ತಲೆಗೂದಲಿನ ದಪ್ಪದ ಐವತ್ತರಲ್ಲಿ ಒಂದು ಪಾಲು. ಇನ್ನೂ ಶೋಚನೀಯವಾದ ಸಂಗತಿಯೆಂದರೆ, ಅದೇ ಕಾರ್ಖಾನೆಯಲ್ಲಿದ್ದ ಬೇರೆ ಎರಡು ಪರೀಕ್ಷೋಪಕರಣಗಳು ತಪ್ಪನ್ನು ತೋರಿಸಿದ್ದುವು. ಅವು ಅಷ್ಟು ಸೂಕ್ಷ್ಮವಾದುವಲ್ಲವೆಂದು ಅವುಗಳ ಸಾಕ್ಷ್ಯವನ್ನು ತಳ್ಳಿಹಾಕಿದರು. ಮನೆಯಲ್ಲಿ ಮೂರು ಸೇರುಗಳಿದ್ದು, ಎರಡು ಹಳೆಯ ಸೇರುಗಳು ಒಂದು ಬಗೆಯಾಗಿಯೂ ಹೊಸ ಹಿತ್ತಾಳೆಯ ಸೇರು ಇನ್ನೊಂದು ಬಗೆಯಾಗಿಯೂ ಅಳೆದರೆ, ಹೊಳಪನ್ನು ನೋಡಿ ಹೊಸದನ್ನೇ ನಂಬುವ ಯಜಮಾನನೂ ಇದನ್ನೇ ಮಾಡುವನು. ಕನ್ನಡಿಯನ್ನು ಮಾಡಿದವರೇ, ಮಾಡಿದ ಉಪಕರಣದಿಂದಲೇ ಅದನ್ನು ಪರೀಕ್ಷಿಸಿದರು. ನನ್ನ ಅಭಿಪ್ರಾಯದಲ್ಲಿ ಅದು ಪರೀಕ್ಷೆಯೇ ಅಲ್ಲ. ಬೇರೊಂದು ಕಾರ್ಖಾನೆಯವರು ಮಾಡಿಕೊಟ್ಟಿದ್ದ ಇನ್ನೊಂದು ಕನ್ನಡಿಯು ದೋಷವಿಲ್ಲದೆ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಅದನ್ನು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಸೇರಿಸಿರುವರು.

ದೋಷವು ಏಕರೀತಿಯಾಗಿದ್ದುದೇ ಪರಿಹಾರಕ್ಕೆ ದಾರಿಯಾಯಿತು. ಸೇರು ಎಷ್ಟು ಕಡಿಮೆಯೆಂಬುದು ಖಚಿತವಾಗಿ ತಿಳಿದರೆ ಲೆಕ್ಕವನ್ನು ಸರಿಪಡಿಸಬಹುದಷ್ಟೆ. ಅದರಂತೆ, ಕನ್ನಡಿಯ ತಪ್ಪಿಗೆ ಸರಿಯಾಗಿ ವಿರುದ್ಧವಾದ ತಪ್ಪನ್ನು ಚಿಕ್ಕ ಕನ್ನಡಿಗಳಲ್ಲಿ ಅರೆದು, ಬೆಳಕಿನ ದಾರಿಯಲ್ಲಿ ನಿಲ್ಲಿಸಿದರೆ, ಕನ್ನಡಕ ಹಾಕಿದವನಿಗೆ ಕಾಣುವಂತೆ ಸ್ಪಷ್ಟವಾಗಿ ಕಾಣುವುದು. ಆದರೆ ಇಕ್ಕಟ್ಟಾದ ಕೊಳವೆಯೊಳಗೆ ಅವುಗಳನ್ನು ನಿಲ್ಲಿಸುವ ಬಗೆ ಹೇಗೆ? ಜೇಮ್ಸ್ ಕ್ರಾಕರ್ ಎಂಬ ಇಂಜಿನಿಯರು ಜರ್ಮನಿಯ ಒಂದು ವಸತಿಗೃಹದಲ್ಲಿ ಸ್ನಾನ ಮಾಡುತ್ತಿದ್ದಾಗ, ನೀರಿನ ಝಾರಿಯು ಒಂದು ಕಂಬಿಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಿದು ಬೇಕಾದಂತೆ ಬಾಗುವುದನ್ನು ಕಂಡು, ಕನ್ನಡಿಗಳನ್ನೂ ಅಂಥ ತೋಳುಗಳ ಮೇಲೆ ಒಳಕ್ಕೆ ಚಾಚಬಹುದೆಂದು ಯೋಚಿಸಿದನು. ೧೯೯೩ನೆಯ ಇಸವಿ ಡಿಸೆಂಬರಿನಲ್ಲಿ ಎಂಡೆವರ್ ಎಂಬ ನೌಕೆಯಲ್ಲಿ ಏಳು ಮಂದಿ ಮೇಲಕ್ಕೆ ಹೋಗಿ, ಯಂತ್ರವನ್ನು ಹಿಡಿದು, ಐದು ಸಲ ನೌಕೆಯಿಂದ ಹೊರಗಿಳಿದು ಕೆಲಸ ಮಾಡಿ, ಆ ಕನ್ನಡಿಗಳ ಪೆಟ್ಟಿಗೆಯನ್ನೂ, ತಿದ್ದುಪಡಿಯನ್ನು ತನ್ನೊಳಗೇ ಹೊಂದಿದ ಹೊಸ ಛಾಯಾಗ್ರಾಹಕವನ್ನೂ ಕೂರಿಸಿದರು. ಮುಂದಿನ ತಿಂಗಳು ಬಂದ ಚಿತ್ರಗಳಲ್ಲಿ ಮಬ್ಬಿರಲಿಲ್ಲ. ಅಲ್ಲಿಂದೀಚೆಗೆ ಒಂದು ಅಂಗುಲ ಅಗಲದ ನಾಣ್ಯವನ್ನು ನೂರು ಕಿಲೋಮೀಟರ್ ದೂರದಿಂದ ಗುರುತಿಸುವಷ್ಟು ಸೂಕ್ಷ್ಮದೃಷ್ಟಿ ಅದಕ್ಕೆ ಬಂದಿರುವುದು.

ಇನ್ನು ಅದು ಕಂಡುದೇನು? ಗರುಡ ನೆಬ್ಯುಲವೆಂಬ ಒಂದು ವಾಯುಮೇಘವು ನಮ್ಮಿಂದ ಸುಮಾರು ೬೫೦೦ ಜ್ಯೋತಿರ್ವರ್ಷಗಳ ದೂರದಲ್ಲಿರುವುದು. ೧೯೯೫ರಲ್ಲಿ ಅದರ ನಡುವಣ ಭಾಗವನ್ನು ಕಾಣುವ ಬೆಳಕಿನಲ್ಲಿ ಚಿತ್ರಿಸಿದಾಗ, ಹುತ್ತಗಳಂತೆ ಎದ್ದು ನಿಂತ ಮೂರು ಕಪ್ಪು ಕಂಬಗಳು ಕಂಡುವು. ಈ ಚಿತ್ರವನ್ನು ವಾಚಕರಲ್ಲಿ ಹಲವರು ವೃತ್ತಪತ್ರಿಕೆಗಳಲ್ಲಿ ನೋಡಿರಬಹುದು. ೨೦೧೪ರಲ್ಲಿ ಅದೇ ಸ್ಥಳವನ್ನು ಅವಗೆಂಪಿನಲ್ಲಿ ಚಿತ್ರಿಸಿದರು. ಆಗ ಕಂಬಗಳು ಹೊಗೆಯಂತೆ ತೆಳುವಾಗಿ, ಅವುಗಳ ಒಳಗೂ ಹಿಂದೂ ಇದ್ದ ಅಸಂಖ್ಯಾತ ನಕ್ಷತ್ರಗಳು ಹೊರಬಿದ್ದುವು. ಗೋಧೂಳಿಯ ಹೊತ್ತಿನಲ್ಲಿ ಸೂರ್ಯನು ಕೆಂಪಗೆ ಕಾಣುವುದಕ್ಕೂ ಇದಕ್ಕೂ ಕಾರಣವು ಒಂದೇ ಬಗೆಯದು: ಧೂಳು ನೀಲಿಯನ್ನು ಹೆಚ್ಚಾಗಿ ಚದರಿಸಿ, ಕೆಂಪನ್ನು ಹೆಚ್ಚಾಗಿ ಹಾಯಗೊಡುವುದು, ಕೆಂಪಿನ ಆಚೆಯದನ್ನು ಇನ್ನೂ ಹೆಚ್ಚಾಗಿ. ಆ ಕಂಬಗಳ ಧೂಳಿನೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿರುವುವು. ಅವುಗಳ ಮೇಲ್ಗಡೆ ಆಗಲೇ ಹುಟ್ಟಿ ಉಗ್ರವಾಗಿ ಉರಿಯುತ್ತಿರುವ ನಕ್ಷತ್ರಗಳ ನೇರಳಾತೀತ ಕಿರಣಗಳೇ ಕಂಬಗಳನ್ನು ಕೊರೆದು ಸವೆಸುತ್ತಿರುವುವು. ಮೂರು ಬೆಳಕುಗಳಲ್ಲಿ ಒಂದನ್ನು ಬಿಟ್ಟರೂ ಈ ಕಥೆಯು ಅರ್ಧವಾಗುವುದು. ಒಂದು ಮಾತು: ಈ ಚಿತ್ರಗಳ ಬಣ್ಣವು ಛಾಯಾಗ್ರಾಹಕದಲ್ಲಿ ಬಂದುದಲ್ಲ. ಯಂತ್ರವು ಒಂದೊಂದು ಶೋಧಕದ ಮೂಲಕ ಕಪ್ಪು ಬಿಳುಪಿನ ಚಿತ್ರಗಳನ್ನೇ ತೆಗೆಯುವುದು. ಅವುಗಳಿಗೆ ಬಣ್ಣವನ್ನು ಗೊತ್ತುಮಾಡಿ ಒಂದರ ಮೇಲೊಂದನ್ನು ಕೂಡಿಸುವರು.

ನೇರಳಾತೀತದ ಉಪಕರಣಗಳಿಂದ ಗುರುಗ್ರಹದ ಧ್ರುವಗಳಲ್ಲಿ ಉಂಟಾಗುವ ಪ್ರಭಾವಲಯಗಳನ್ನು ನೋಡಿರುವರು. ೧೯೯೪ರ ಜುಲೈನಲ್ಲಿ ಷೂಮೇಕರ್–ಲೆವಿ ಎಂಬ ಧೂಮಕೇತುವಿನ ತುಣುಕುಗಳು ಆ ಗ್ರಹಕ್ಕೆ ಬಡಿದಾಗ, ಬಿದ್ದ ಕಲೆಗಳು ನೇರಳಾತೀತದಲ್ಲಿ ಮಸಿಯಂತೆ ಕಪ್ಪಾಗಿ ಕಂಡುವು.

ಎಲ್ಲಕ್ಕಿಂತ ಆಶ್ಚರ್ಯಕರವಾದುದು ೧೯೯೫ರ ಡಿಸೆಂಬರಿನ ಕೆಲಸ. ಯಂತ್ರದ ಕಾಲವು ಅಮೂಲ್ಯವಾದುದು. ಒಂದೊಂದು ಗಂಟೆಗೂ ನಾನಾ ದೇಶದ ಪಂಡಿತರು ಅರ್ಜಿ ಹಾಕಿಕೊಳ್ಳುವರು. ಹೀಗಿರಲು, ಅದರ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ಎಂಬವರು ತಮ್ಮ ಅಧಿಕಾರದಲ್ಲಿದ್ದ ಕಾಲವನ್ನು ವಿನಿಯೋಗಿಸಿ, ಹತ್ತು ದಿನಗಳ ಪರ್ಯಂತ ಏನೂ ಇಲ್ಲವೆಂದು ತೋರುತ್ತಿದ್ದ ಒಂದು ಬರಿಯ ಜಾಗವನ್ನು ನೋಡಿಸಿದರು. ಅದು ಸಪ್ತರ್ಷಿಮಂಡಲದಲ್ಲಿ ಅತ್ರಿ ನಕ್ಷತ್ರಕ್ಕೆ ಸ್ವಲ್ಪ ಉತ್ತರದಲ್ಲಿರುವುದು. ಕೈನೀಡಿ ಹಿಡಿದ ಒಂದು ರಾಗಿಯ ಕಾಳು ಮರೆಮಾಡುವ ಆಕಾಶಕ್ಕಿಂತಲೂ ಕಿರಿದು. ಏನೂ ಕಾಣದೆ ಕಾಲವು ವ್ಯರ್ಥವಾಗಬಹುದೆಂದು ಎಚ್ಚರಿಸಿದವರಿದ್ದರು. ನೇರಳಾತೀತದಿಂದ ಅವಗೆಂಪಿನ ಅಂಚಿನವರೆಗೆ ನಾಲ್ಕು ಶೋಧಕಗಳ ಮೂಲಕ ತೆಗೆದ ೩೪೨ ಚಿತ್ರಗಳನ್ನು ಕೂಡಿಸಿದಾಗ, ಆ ಕಾಳಿನಷ್ಟು ಕತ್ತಲಿನಲ್ಲಿ ಸುಮಾರು ಮೂರು ಸಾವಿರ ನಕ್ಷತ್ರಸಮೂಹಗಳಿದ್ದುವು. ಒಂದೊಂದರಲ್ಲಿಯೂ ಕೋಟ್ಯಂತರ ಸೂರ್ಯರು. ಆ ಚಿತ್ರಗಳನ್ನು ಬಚ್ಚಿಡದೆ ಒಡನೆಯೇ ಎಲ್ಲ ದೇಶದವರಿಗೂ ಒದಗಿಸಿದರು.

ಯಂತ್ರಕ್ಕೆ ಇತಿಮಿತಿಗಳೂ ಇರುವುವು. ೧೯೯೭ರಲ್ಲಿ ಕೂರಿಸಿದ ಅವಗೆಂಪಿನ ಉಪಕರಣವನ್ನು ತಣ್ಣಗಿಡಲು ಗಟ್ಟಿಯಾದ ನೈಟ್ರೋಜನನ್ನು ತುಂಬಿದ್ದರು. ಅದು ಎಣಿಸಿದುದಕ್ಕಿಂತ ಬೇಗನೆ ೧೯೯೯ರಲ್ಲಿ ತೀರಿಹೋಯಿತು, ೨೦೦೨ರಲ್ಲಿ ಬೇರೊಂದು ಶೀತಯಂತ್ರವನ್ನು ಜೋಡಿಸಬೇಕಾಯಿತು. ೨೦೦೯ರ ಮೇ ತಿಂಗಳಲ್ಲಿ ನಡೆದ ಐದನೆಯ ದುರಸ್ತಿಯೇ ಕಡೆಯದು. ಆಗ ಮೂರು ಬೆಳಕುಗಳನ್ನೂ ಗ್ರಹಿಸುವ ಒಂದೇ ಛಾಯಾಗ್ರಾಹಕವನ್ನು ಕೂರಿಸಿ, ಹಳೆಯ "ಕನ್ನಡಕ"ವನ್ನು ಕಳಚಿ ತಂದರು. ಕೊಳವೆಯು ಬೆಚ್ಚಗಿರುವುದರಿಂದ ದೂರದ ಅವಗೆಂಪು ಅದಕ್ಕೆ ಎಟುಕದು; ದೀಪವನ್ನು ಹಣೆಗೆ ಕಟ್ಟಿಕೊಂಡು ಮಿಣುಕುಹುಳುವನ್ನು ಹುಡುಕಿದಂತಾಗುವುದು. ಆ ಕೆಲಸಕ್ಕಾಗಿ ೨೦೨೧ರ ಡಿಸೆಂಬರ್ ೨೫ರಂದು ೬.೫ ಮೀಟರ್ ಕನ್ನಡಿಯ ವೆಬ್ ಎಂಬ ಇನ್ನೊಂದು ದೂರದರ್ಶಕವನ್ನು ಹಾರಿಸಿ, ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ, ಸೊನ್ನೆಗಿಂತ ೨೨೦ ಡಿಗ್ರಿಗೂ ಕೆಳಗಿನ ಚಳಿಯಲ್ಲಿ ಇಟ್ಟಿರುವರು. ಅದಕ್ಕೆ ನೇರಳಾತೀತವು ಕಾಣದು. ಆದುದರಿಂದ ಹೊಸದು ಬಂದ ಮಾತ್ರಕ್ಕೆ ಹಳೆಯದು ನಿಷ್ಪ್ರಯೋಜಕವಾಗಲಿಲ್ಲ.

ಈ ವಿದ್ಯೆಯು ಕೇವಲ ಪರದೇಶದ್ದೆಂದು ತಿಳಿಯಬೇಕಾದುದಿಲ್ಲ. ೨೦೧೫ನೆಯ ಇಸವಿ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹಾರಿಸಲ್ಪಟ್ಟ ಅಸ್ಟ್ರೋಸ್ಯಾಟ್ ಎಂಬ ಉಪಗ್ರಹದಲ್ಲಿ ೩೭೫ ಮಿಲಿಮೀಟರ್ ಅಗಲದ ಕನ್ನಡಿಗಳುಳ್ಳ ಎರಡು ದೂರದರ್ಶಕಗಳಿದ್ದು, ನೇರಳಾತೀತ ಮತ್ತು ಕಾಣುವ ಬೆಳಕುಗಳಿಗೆ ಏರ್ಪಡಿಸಲ್ಪಟ್ಟಿದ್ದುವು. ಅವುಗಳನ್ನು ಜೋಡಿಸಿದುದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅವಗೆಂಪಿಗಾಗಿ ಅದೇ ಸಂಸ್ಥೆಯವರು ಲಡಾಖಿನ ಹಾನ್ಲೆ ಎಂಬಲ್ಲಿ, ಸುಮಾರು ೪೫೦೦ ಮೀಟರ್ ಎತ್ತರದಲ್ಲಿ, ನೀರಿನ ಆವಿಯು ಅತ್ಯಲ್ಪವಾಗಿರುವ ಒಣಗಾಳಿಯನ್ನು ಹುಡುಕಿ, ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿರುವರು. ಅದನ್ನು ನಡೆಸುವುದು ಹೊಸಕೋಟೆಯಿಂದಲೇ.

ಹಬಲ್ ಯಂತ್ರವನ್ನು ರಿಪೇರಿ ಮಾಡುತ್ತಿದ್ದ ನೌಕೆಗಳು ೨೦೧೧ರಲ್ಲಿ ನಿಂತುಹೋದುವು. ದಿಕ್ಕನ್ನು ಹಿಡಿದಿಡುವ ಆರು ಗೈರೋ ಚಕ್ರಗಳಲ್ಲಿ ಹಲವು ಕೆಟ್ಟುದರಿಂದ ೨೦೨೪ರ ಜೂನಿನಲ್ಲಿ ಒಂದೇ ಚಕ್ರದಿಂದ ಕೆಲಸ ನಡೆಸುವ ಏರ್ಪಾಡನ್ನು ಮಾಡಿದರು. ತನ್ನನ್ನು ಮೇಲಕ್ಕೆ ನೂಕಿಕೊಳ್ಳುವ ಇಂಜಿನು ಅದಕ್ಕಿಲ್ಲದೆ, ವಿರಳವಾದ ಗಾಳಿಯ ತಡೆಯಿಂದ ವರ್ಷ ವರ್ಷಕ್ಕೂ ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತಿರುವುದು. ಅದರ ದಾರಿಯು ಭೂಮಧ್ಯರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ೨೮½ ಡಿಗ್ರಿಗಳೊಳಗೆ ಇರುವುದರಿಂದ ಯೂರೋಪಿನ ಬಹುಭಾಗದ ಜನರಿಗೆ ಅದು ಕಾಣಿಸದು. ನಮ್ಮ ತಲೆಯ ಮೇಲೆ ಮಾತ್ರ ಹಾದುಹೋಗುವುದು. ಆಸಕ್ತಿಯುಳ್ಳವರು ಮೋಡವಿಲ್ಲದ ದಿನಗಳಲ್ಲಿ, ಸೂರ್ಯಾಸ್ತವಾಗಿ ಒಂದು ಗಂಟೆಯ ಹೊತ್ತಿಗೆ ಅಥವಾ ಬೆಳಗಿನ ಜಾವದಲ್ಲಿ, ಊರಿನ ದೀಪಗಳಿಂದ ದೂರವಾಗಿ ಹೊಲದ ಬದುವಿನ ಮೇಲೆ ನಿಂತು ನೋಡಬಹುದು. ಹಾದುಹೋಗುವ ವೇಳೆಯನ್ನು ಶಾಲೆಯ ಉಪಾಧ್ಯಾಯರ ಮೂಲಕ ಮೊದಲೇ ತಿಳಿದುಕೊಳ್ಳುವುದು ಲೇಸು. ಮಿನುಗದೆ, ಪಡುವಣದಿಂದ ಮೂಡಣಕ್ಕೆ ಸದ್ದಿಲ್ಲದೆ ಸರಿಯುವ ಒಂದು ನಕ್ಷತ್ರದಂತೆ ಅದು ಕೆಲವೇ ನಿಮಿಷ ಕಾಣುವುದು; ಸಂಜೆಯ ಹೊತ್ತಾದರೆ, ಮೂಡಣ ದಿಕ್ಕನ್ನು ಮುಟ್ಟುವ ಮೊದಲೇ ಭೂಮಿಯ ನೆರಳನ್ನು ಹೊಕ್ಕು ಮರೆಯಾಗುವುದು.